ಚಾರ್ಮಾಡಿ ಇಳಿಯುವಾಗ ಗಟ್ಟಿಯಾದ ಬ್ರೇಕು

"ಗಾಡಿ ಸರಿ ಇದೆ ಮೇಡಂ, ನಿಮ್ಮ ಕಾಲಿಗೆ ಬಲ ಸಾಲ್ತಿಲ್ಲ ಅನ್ಸುತ್ತೆ." ಅಧಿಕೃತ ಸರ್ವೀಸ್ ಸೆಂಟರಿನ ಸಲಹೆಗಾರ ನನಗೆ ಹೇಳಿದ ಮಾತಿದು. ಮೂಡಿಗೆರೆ ಸುತ್ತಿನ ಏರಿಳಿತಗಳಲ್ಲಿ ಮದುವೆಗೆ ಮುಂಚಿನಿಂದ ಕಾರು ಓಡಿಸುತ್ತಿರುವವಳು ನಾನು. ಬೆಳಿಗ್ಗೆ ಮೆತ್ತಗಿರುವ ಬ್ರೇಕ್ ಪೆಡಲ್ ಎಂಜಿನ್ ಬಿಸಿಯಾದ ಮೇಲೆ ಗಟ್ಟಿಯಾಗುತ್ತದೆ ಎಂದು ಬಿಡಿಸಿ ಹೇಳಿದ್ದೆ. ಆತ ತಣ್ಣಗಿದ್ದ ಗಾಡಿಯನ್ನು ತಮ್ಮ ಅಂಗಳದಲ್ಲೇ ಒಂದು ಸುತ್ತು ಹಾಕಿಸಿದ. ಮುಂದಿನ ಪ್ಯಾಡ್ ಬದಲಾಯಿಸಿ, ಬ್ರೇಕ್ ಆಯಿಲ್ ಹೊಸದು ತುಂಬಿಸಿ ಬಿಲ್ ಕೊಟ್ಟ. ಜಾಬ್ ಕಾರ್ಡಿನಲ್ಲಿ ನನ್ನ ದೂರಿನ ಎದುರು 'ದೋಷ ಕಂಡುಬಂದಿಲ್ಲ' ಎಂದಿತ್ತು. ಕಂಪನಿಯವರು ಇಷ್ಟು ಖಚಿತವಾಗಿ ಹೇಳಿದ ಮೇಲೆ ಯಾರಾದರೂ ನಂಬುತ್ತಾರೆ.

ಅದಾದ ವಾರವೇ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೊರಟೆ. ಅಮ್ಮ ಹಿಂದೆ, ಭಾವ ನನ್ನ ಪಕ್ಕ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಗೆ ಇಳಿದೆವು. ಮಲಯ ಮಾರುತ ಅತಿಥಿಗೃಹ ದಾಟಿತು, ಅಣ್ಣಪ್ಪ ಸ್ವಾಮಿ ಗುಡಿಗೆ ಕೈಮುಗಿದೂ ಆಯಿತು. ಅಲ್ಲಿಂದ ಕೆಳಗೆ ಮಂಜು ದಟ್ಟವಾಗಿತ್ತು. ಎರಡನೇ ಗೇರಿನಲ್ಲಿದ್ದೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಿದರೆ ಒರಳುಕಲ್ಲಿನ ಮೇಲೆ ಕಾಲಿಟ್ಟ ಹಾಗಾಯಿತು. ಪೆಡಲ್ ಇಳಿಯಲೇ ಇಲ್ಲ. ಕಾರು ಅದೇ ವೇಗದಲ್ಲಿ ತಿರುವಿನ ಕಡೆ ಜಾರುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಗಿಡ್ಡ ತಡೆಗೋಡೆ, ಅದರಾಚೆ ಬರೀ ಬಿಳಿ. ಅಷ್ಟರಲ್ಲಿ ಮಂಜಿನೊಳಗಿಂದ ಎರಡು ಲೈಟು, ಹಾರ್ನು. ಕೆಂಪು ಬಸ್ಸೊಂದು ತಿರುವು ತುಂಬಿಕೊಂಡು ಮೇಲೆ ಹತ್ತುತ್ತಿತ್ತು.

"ಪಂಪ್ ಮಾಡು, ಪಂಪ್ ಮಾಡು!" ಭಾವ ಕೂಗತೊಡಗಿದರು. ನಾನು ಮಾಡದಿದ್ದಾಗ "ಎಂಜಿನ್ ಆಫ್ ಮಾಡು" ಎಂದು ತಾವೇ ಕೀಲಿಗೆ ಕೈ ಹಾಕಿದರು. ಆ ಕೈಯನ್ನು ಹೊಡೆದು ತಳ್ಳಿದೆ. ಮೊದಲನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಎಂಜಿನ್ ಅರಚಿತು. ಎರಡೂ ಕಾಲನ್ನು ಬ್ರೇಕಿನ ಮೇಲಿಟ್ಟು, ಬೆನ್ನನ್ನು ಸೀಟಿಗೆ ಒತ್ತಿ, ಮೈಯ ಭಾರವನ್ನೆಲ್ಲ ಹಾಕಿ ತುಳಿದೆ. ತುಳಿದದ್ದನ್ನು ಬಿಡಲಿಲ್ಲ. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಸ್ವಲ್ಪಸ್ವಲ್ಪವಾಗಿ ಎಳೆದೆ. ಬಸ್ಸಿನ ಡ್ರೈವರ್ ನನ್ನ ಅವಸ್ಥೆ ಕಂಡು ನಿಲ್ಲಿಸಿಬಿಟ್ಟಿದ್ದರು. ಆ ಪುಣ್ಯಾತ್ಮರಿಗೆ ಇಲ್ಲಿಂದಲೇ ನಮಸ್ಕಾರ. ಅವರ ಬಂಪರಿಗೆ ಮೊಳದಷ್ಟು ಜಾಗವಿರುವಾಗ ನನ್ನ ಕಾರು ಜರ್ಕ್ ಹೊಡೆದು ನಿಂತಿತು. ಅಮ್ಮ ಮಾತಾಡಲಿಲ್ಲ. ನನ್ನ ಸೀಟಿನ ಬೆನ್ನು ಹಿಡಿದಿದ್ದ ಕೈಯನ್ನು ಬಹಳ ಹೊತ್ತು ಬಿಡಲೂ ಇಲ್ಲ.

ಕೀಲಿಗೆ ಹಾಕಿದ ಕೈಯನ್ನು ಹೊಡೆದದ್ದಕ್ಕೆ ಭಾವನಿಗೆ ಇಂದಿಗೂ ಬೇಸರ. ಆದರೆ ಅವರು ಹೇಳಿದ ಎರಡೂ ಮಾತು ತಪ್ಪು. ಪಂಪ್ ಮಾಡಬೇಕಾದದ್ದು ಪೆಡಲ್ ಕೆಳಗೆ ಕುಸಿದಾಗ, ಅಂದರೆ ಆಯಿಲ್ ಲೈನಿನಲ್ಲಿ ಗಾಳಿ ಅಥವಾ ಸೋರಿಕೆ ಇದ್ದಾಗ. ಗಟ್ಟಿಯಾದ ಪೆಡಲಿಗೆ ಸಾಮಾನ್ಯ ಕಾರಣ ಬೇರೆ. ಬಾನೆಟ್ ತೆರೆದರೆ ಡ್ರೈವರ್ ಎದುರಿನ ತಗಡಿಗೆ ಕೂರಿಸಿದ ಕಪ್ಪು ದುಂಡು ಡಬ್ಬಿ ಕಾಣುತ್ತದಲ್ಲ, ಅದು ಬ್ರೇಕ್ ಬೂಸ್ಟರ್. ಒಳಗಿನ ರಬ್ಬರ್ ಡಯಾಫ್ರಂನ ಒಂದು ಮಗ್ಗುಲಲ್ಲಿ ನಿರ್ವಾತ. ಬ್ರೇಕ್ ಒತ್ತಿದಾಗ ಇನ್ನೊಂದು ಮಗ್ಗುಲಿಗೆ ಹೊರಗಿನ ಗಾಳಿ ನುಗ್ಗಿ ತಳ್ಳುತ್ತದೆ. 9 ಇಂಚು ಅಗಲದ ಡಯಾಫ್ರಂ, 0.7 ಬಾರ್ ವ್ಯತ್ಯಾಸ ಎಂದಿಟ್ಟುಕೊಳ್ಳಿ: ಹತ್ತಿರಹತ್ತಿರ 290 ಕೆ.ಜಿ. ಭಾರದ ಸಹಾಯ. ಅದು ತಪ್ಪಿದರೆ ಯಾವ ಪೈಲ್ವಾನನ ಕಾಲಿಗೂ ಪೆಡಲ್ ಗಟ್ಟಿಯೇ. ಆದರೂ ಬ್ರೇಕ್ ಸತ್ತಿರುವುದಿಲ್ಲ, ಬಹಳ ಬಲ ಬೇಡುತ್ತದೆ ಅಷ್ಟೇ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಪಂಪ್ ಮಾಡಿದರೆ ಅದೂ ಖಾಲಿ. ಎಂಜಿನ್ ಆಫ್ ಮಾಡಿದರೆ ಹೊಸದು ಹುಟ್ಟುವುದೇ ಇಲ್ಲ. ಡೀಸೆಲ್ ಉಳಿಸಲು ಘಾಟಿಯಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಸುವವರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು.

ಮೊದಲನೇ ಗೇರಿನಲ್ಲೇ ತೆವಳಿಕೊಂಡು ಕೆಳಗಿಳಿದು, ಉಜಿರೆ ಹತ್ತಿರದ ಸಣ್ಣ ಗ್ಯಾರೇಜಿಗೆ ತಲುಪಿದೆವು. ಅಲ್ಲಿನ ಹಿರಿಯ ಮೆಕ್ಯಾನಿಕ್ ಚಕ್ರದ ಕಡೆ ನೋಡಲೂ ಇಲ್ಲ. ಎಂಜಿನ್ ಓಡುತ್ತಿರುವಾಗಲೇ ಬೂಸ್ಟರಿಗೆ ಬರುವ ಹೋಸ್ ಕಳಚಿ ಅದರ ಬಾಯಿಗೆ ಹೆಬ್ಬೆರಳು ಇಟ್ಟರು. ಎಳೆತವಿಲ್ಲ. ನನ್ನದು ಹಳೇ ಡೀಸೆಲ್ ಗಾಡಿ. ಪೆಟ್ರೋಲ್ ಎಂಜಿನ್ನಿನಂತೆ ತಾನು ಗಾಳಿ ಎಳೆಯುವ ದಾರಿಯಲ್ಲೇ ನಿರ್ವಾತ ಸಿಗುವುದಿಲ್ಲ, ಆಲ್ಟರ್ನೇಟರ್ ಬೆನ್ನಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇರುತ್ತದೆ. ಆ ತುದಿಯಲ್ಲಿ ಬೆರಳಿಟ್ಟರೆ ಚೆನ್ನಾಗಿ ಎಳೆಯಿತು. "ಪಂಪು ಸರಿ ಉಂಟು ಅಕ್ಕ, ಬೂಸ್ಟರೂ ಸರಿ ಉಂಟು. ನಡುವಿನ ಹೋಸು ಹೋಗಿದೆ." ಎಣ್ಣೆ ತಾಗಿ ಮೆತ್ತಗಾದ ರಬ್ಬರಿನ ಅಡಿಭಾಗದಲ್ಲಿ, ಕ್ಲಿಪ್ಪಿನ ಮರೆಯಲ್ಲಿ ಉದ್ದನೆಯ ಸೀಳು. ತಣ್ಣಗಿರುವಾಗ ಮುಚ್ಚಿಕೊಂಡು, ಬಿಸಿಯಾದಾಗ ಬಾಯಿ ಬಿಡುತ್ತಿತ್ತು. ನಾನು ಸರ್ವೀಸ್ ಸೆಂಟರಿನಲ್ಲಿ ಹೇಳಿದ್ದೂ ಅದನ್ನೇ. ಹೊಸ ಹೋಸು, ಎರಡು ಕ್ಲಿಪ್ಪು ಹಾಕಿದ ಮೇಲೆ ಪೆಡಲ್ ಮೊದಲಿನಂತಾಯಿತು.

ಪ್ಯಾಡಿಗೆ ದುಡ್ಡು ಕೊಡುವ ಮುಂಚೆ ಇದನ್ನು ನೀವೇ ಮಾಡಿ ನೋಡಿ. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ನೋಡಬೇಕು. ಎಂಜಿನ್ ನಿಲ್ಲಿಸಿ ಕೆಲವು ನಿಮಿಷದ ನಂತರದ ಮೊದಲ ಒತ್ತಿಗೇ ಗಟ್ಟಿಯಿದ್ದರೆ ಒನ್-ವೇ ವಾಲ್ವ್ ಅನುಮಾನಿಸಿ; ಒತ್ತಿ ಹಿಡಿದಷ್ಟು ಹೊತ್ತೂ ಕಾಲಿನ ಬಳಿ ಬುಸ್ ಎಂಬ ಸದ್ದು ನಿಲ್ಲದಿದ್ದರೆ ಡಯಾಫ್ರಂ. ಎಲ್ಲವೂ ಸರಿಯಿದ್ದೂ ಗಟ್ಟಿಯಿದ್ದರೆ ಆಮೇಲೆ ಕ್ಯಾಲಿಪರ್, ಪ್ಯಾಡ್ ನೋಡಲಿ.

ಪ್ಯಾಡಿನ ಹಣ ವಾಪಸ್ ಕೊಡಿ ಎಂದು ಸರ್ವೀಸ್ ಸೆಂಟರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಸಿದ್ಧವಾಗಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಜಾಬ್ ಕಾರ್ಡಿನ ಜೊತೆ ಆ ಸೀಳಿದ ಹೋಸನ್ನೂ ಸಾಕ್ಷಿಯಾಗಿ ಕೊಡುತ್ತೇನೆ.