ಪ್ರಬಂಧದೊಳಗಿನ ‘ಅರಿಯೆನು’

ಬರ್ಲಿನ್ ವಿಶ್ವವಿದ್ಯಾಲಯದ ವೈದ್ಯವಿದ್ಯಾರ್ಥಿ ಪಾಲ್ ಲಾಂಗರ್‌ಹಾನ್ಸನು 1869ರಲ್ಲಿ ಡಾಕ್ಟರ್ ಪದವಿಗಾಗಿ ಪ್ರಬಂಧವೊಂದನ್ನು ಒಪ್ಪಿಸಿದನು. ಆಗ ಅವನಿಗೆ 21 ವರ್ಷ. ಗುರುಗಳಾದ ವಿರ್ಷೋರವರ ಪ್ರಯೋಗಶಾಲೆಯಲ್ಲಿ ಮೊಲದ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಿರಲು, ಜೀರ್ಣರಸವನ್ನು ಸ್ರವಿಸುವ ಕೋಶಗಳ ನಡುವೆ ಅವನ್ನು ಹೋಲದ ಸಣ್ಣ ಕೋಶಗಳ ಗುಂಪುಗಳು ಅಲ್ಲಲ್ಲಿ ಗೋಚರಿಸಿದುವು. ಅವುಗಳ ಆಕಾರವನ್ನೂ ಸ್ಥಾನವನ್ನೂ ಯಥಾವತ್ತಾಗಿ ವರ್ಣಿಸಿ, ಅವುಗಳ ಕಾರ್ಯವೇನೆಂಬುದು ತನಗೆ ತಿಳಿಯದೆಂದು ಮುಚ್ಚುಮರೆಯಿಲ್ಲದೆ ಬರೆದನು. ಪದವಿಯ ಹೊಸ್ತಿಲಲ್ಲಿ ನಿಂತವನಿಗೆ ಇದು ಸುಲಭವಲ್ಲ. ಪರೀಕ್ಷಕರ ಮುಂದೆ ಏನಾದರೊಂದು ಊಹೆಯನ್ನು ಹೊಸೆದಿಡುವ ಚಾಪಲ್ಯ ಯಾರಿಗಿಲ್ಲ?

ಕ್ಷಯಪೀಡಿತನಾಗಿ ಮದೀರಾ ದ್ವೀಪವನ್ನು ಸೇರಿದ್ದ ಅವನು 1888ರಲ್ಲಿ, 41 ತುಂಬುವ ಮೊದಲೇ, ತೀರಿಕೊಂಡನು. ಮರುವರ್ಷವೇ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬವರು ನಾಯಿಯ ಆ ಗ್ರಂಥಿಯನ್ನು ತೆಗೆಯಲು, ಅದಕ್ಕೆ ಮಧುಮೇಹವುಂಟಾಯಿತು. 1893ರಲ್ಲಿ ಫ್ರಾನ್ಸಿನ ಲಾಗೆಸ್ ಆ ಕೋಶಪುಂಜಗಳಿಗೆ ‘ಲಾಂಗರ್‌ಹಾನ್ಸನ ದ್ವೀಪಗಳು’ ಎಂದು ಹೆಸರಿಟ್ಟನು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ‘ಇನ್ಸುಲಿನ್’ ಹುಟ್ಟುವುದು ಅಲ್ಲಿಯೇ. ಈ ಶಬ್ದವಾದರೂ ದ್ವೀಪವೆಂಬರ್ಥದ ಲ್ಯಾಟಿನ್ ‘ಇನ್ಸುಲಾ’ದಿಂದ ನಿಷ್ಪನ್ನವಾದುದು. 1921ರ ಬೇಸಗೆಯಲ್ಲಿ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಅದನ್ನು ಹೊರತೆಗೆಯಲು ಬ್ಯಾಂಟಿಂಗ್‌ರಿಗೆ ನೆರವಾದ ಚಾರ್ಲ್ಸ್ ಬೆಸ್ಟನೂ 22 ವರ್ಷದ ವಿದ್ಯಾರ್ಥಿಯೇ.