ನಾಯಕರ ಮನೆಯ ಬಂದೂಕು

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಆಯುಧ ಇಟ್ಟುಕೊಂಡವನು ಆಯುಧಕ್ಕೆ ಕಡಿವಾಣ ಹಾಕಲಾರ’ ಎಂಬ ವಿಷಯವನ್ನು ಕೊಟ್ಟಿದ್ದರು. ನಾನು ಆ ಮಾತಿನ ಪರವಾಗಿ ನಿಂತು ಅಮೆರಿಕದ ಉದಾಹರಣೆಯನ್ನು ಮುಂದಿಟ್ಟೆ. ಅಲ್ಲಿಯ ಅಧ್ಯಕ್ಷರಲ್ಲಿ ಅನೇಕರು ಸ್ವತಃ ಬಂದೂಕು ಉಳ್ಳವರು. ಅಂಥವರಿಂದ ಕಟ್ಟುನಿಟ್ಟಿನ ಕಾನೂನು ಹೇಗೆ ಬಂದೀತು ಎಂದು ಕೇಳಿದೆ. ಚಪ್ಪಾಳೆಯೂ ಬಂತು, ಬಹುಮಾನವೂ ಬಂತು. ಸಭೆ ಮುಗಿದ ಮೇಲೆ ನಮ್ಮ ಇತಿಹಾಸದ ಉಪನ್ಯಾಸಕರು, “ಎಷ್ಟು ಮಂದಿ ಅಧ್ಯಕ್ಷರ ವಿಚಾರ ಓದಿದ್ದೀಯಪ್ಪಾ?” ಎಂದು ನಗುತ್ತ ಕೇಳಿದರು. ನಾನು ಓದಿದ್ದುದು ಒಬ್ಬರ ವಿಚಾರವನ್ನು ಮಾತ್ರ! ಆ ನಾಚಿಕೆಯಿಂದ ಗ್ರಂಥಾಲಯ ಸೇರಿ ಓದಿದುದರ ಫಲವೇ ಈ ಲೇಖನ.

ಮೊದಲು ಹಿನ್ನೆಲೆಯನ್ನು ನೋಡೋಣ. ಅಮೆರಿಕಾ ಸಂಯುಕ್ತ ಸಂಸ್ಥಾನವು ಬ್ರಿಟಿಷರೊಡನೆ ಕಾದಾಡಿ ಸ್ವತಂತ್ರವಾದ ದೇಶ. ಆ ಯುದ್ಧದಲ್ಲಿ ಸೈನಿಕರ ಜೊತೆಗೆ ಮನೆಯ ಬಂದೂಕು ಹಿಡಿದು ಬಂದ ರೈತರೂ ಇದ್ದರು. ಜನರು ಆಯುಧ ಹೊಂದುವ ಹಕ್ಕಿಗೆ ಭಂಗ ತರಕೂಡದೆಂದು 1791ರಲ್ಲಿ ಸಂವಿಧಾನದ ಎರಡನೆಯ ತಿದ್ದುಪಡಿ ವಿಧಿಸಿತು. ಆದುದರಿಂದ ಅಲ್ಲಿ ನಾಯಕರ ಮನೆಯಲ್ಲಿ ಬಂದೂಕಿರುವುದು ಅಚ್ಚರಿಯ ಸಂಗತಿಯೇನಲ್ಲ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರಿಗೆ ಫ್ರಾನ್ಸಿನ ಲಫಾಯೆತ್ ಒಂದು ಜೊತೆ ಪಿಸ್ತೂಲುಗಳನ್ನು ಕಾಣಿಕೆಯಾಗಿ ಕೊಟ್ಟಿದ್ದರು. ಮುಂದೆ ಅವು ಆಂಡ್ರೂ ಜ್ಯಾಕ್ಸನ್ನರ ಕೈ ಸೇರಿದವು. ಅಂದಿನವರಿಗೆ ಅದು ಗೌರವದ ಗುರುತು.

ಆದರೆ ಮಾನದ ಗುರುತೇ ಪ್ರಾಣಕ್ಕೆ ಎರವಾದುದೂ ಉಂಟು. ಆ ಕಾಲದಲ್ಲಿ ದೊಡ್ಡ ಮನುಷ್ಯರು ಮಾನಾಪಮಾನಗಳನ್ನು ದ್ವಂದ್ವಯುದ್ಧದಿಂದ ತೀರಿಸಿಕೊಳ್ಳುತ್ತಿದ್ದರು. ದೇಶದ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರ ಮಗ 1801ರಲ್ಲಿ ಹಾಗೆಯೇ ಸತ್ತನು. ಪುತ್ರಶೋಕವನ್ನು ಕಂಡ ತಂದೆಯೂ 1804ರ ಜುಲೈ 11ರಂದು ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ಪಿಸ್ತೂಲು ಹಿಡಿದು ನಿಂತರು. ಎದುರಿಗಿದ್ದವರು ಆಗಿನ ಉಪಾಧ್ಯಕ್ಷ ಆರನ್ ಬರ್. ಹ್ಯಾಮಿಲ್ಟನ್ ಮರುದಿನ ತೀರಿಕೊಂಡರು. ಜ್ಯಾಕ್ಸನ್ನರು 1806ರಲ್ಲಿ ಇಂಥದೇ ಕಾಳಗದಲ್ಲಿ ಎದುರಾಳಿಯನ್ನು ಕೊಂದರು. ತಮಗೆ ತಗುಲಿದ ಗುಂಡನ್ನು ಬದುಕಿನುದ್ದಕ್ಕೂ ಎದೆಯಲ್ಲಿ ಹೊತ್ತರು.

ಬೇಟೆಯ ಹುಚ್ಚಿಗೆ ಹೆಸರಾದವರು ಥಿಯೊಡೋರ್ ರೂಸ್‌ವೆಲ್ಟ್. ಅಧಿಕಾರ ಬಿಟ್ಟೊಡನೆ 1909ರಲ್ಲಿ ರೈಫಲುಗಳೊಡನೆ ಆಫ್ರಿಕಕ್ಕೆ ಹೊರಟವರು ಅವರು. 1912ರ ಅಕ್ಟೋಬರ್ 14ರಂದು ಮಿಲ್ವಾಕಿ ನಗರದಲ್ಲಿ ಒಬ್ಬನು ಅವರ ಎದೆಗೆ ಗುಂಡು ಹಾರಿಸಿದನು. ಗುಂಡಿನ ವೇಗವನ್ನು ತಗ್ಗಿಸಿದ್ದು ಅವರ ರೈಫಲುಗಳಲ್ಲ; ಅಂಗಿಯ ಜೇಬಿನಲ್ಲಿ ಮಡಿಸಿಟ್ಟಿದ್ದ ಭಾಷಣದ ಐವತ್ತು ಹಾಳೆಗಳು ಮತ್ತು ಕನ್ನಡಕದ ಪೆಟ್ಟಿಗೆ! ಇದನ್ನು ಓದಿದಾಗಲೇ ನನ್ನ ವಾದದ ಬುಡ ಅಲುಗಾಡಿತು. ಬಂದೂಕು ಇದ್ದ ಮಾತ್ರಕ್ಕೆ ರಕ್ಷಣೆ ಇರಲಿಲ್ಲ. ಬಂದೂಕು ಇದ್ದ ಮಾತ್ರಕ್ಕೆ ಅಭಿಪ್ರಾಯವೂ ನಿಶ್ಚಿತವಾಗುತ್ತಿತ್ತೇ?

ಜಾನ್ ಕೆನೆಡಿಯವರು ಸೆನೆಟರ್ ಆಗಿದ್ದಾಗ 1959ರಲ್ಲಿ ಒಂದು ಎಂ-1 ಗ್ಯಾರಂಡ್ ರೈಫಲನ್ನು ಕೊಂಡಿದ್ದರು. ಅಧ್ಯಕ್ಷರಾದ ಮೇಲೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಆಜೀವ ಸದಸ್ಯತ್ವವನ್ನು ಸ್ವೀಕರಿಸಿದರು. 1963ರ ನವೆಂಬರ್ 22ರಂದು ಅವರ ಪ್ರಾಣ ತೆಗೆದ ರೈಫಲನ್ನು ಕೊಲೆಗಾರನು ಸುಳ್ಳು ಹೆಸರಿನಲ್ಲಿ ಅಂಚೆಯ ಮೂಲಕ ತರಿಸಿದ್ದನು. ಅದರ ಜಾಹೀರಾತು ಬಂದಿದ್ದುದು ಅದೇ ಸಂಸ್ಥೆಯ ಪತ್ರಿಕೆಯಲ್ಲಿ. ಕೆನೆಡಿಯ ನಂತರ ಬಂದ ಲಿಂಡನ್ ಜಾನ್ಸನ್ ಟೆಕ್ಸಾಸಿನವರು, ಜಿಂಕೆಯ ಬೇಟೆ ಬಲ್ಲವರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿಯವರ ಹತ್ಯೆಗಳಾದ ಮೇಲೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಂಚೆಯಲ್ಲಿ ಬಂದೂಕು ಮಾರುವುದನ್ನು ತಡೆಯುವ ಕಾಯಿದೆಗೆ ಸಹಿ ಹಾಕಿದವರು ಈ ಬೇಟೆಗಾರರೇ. ಪ್ರತಿಯೊಂದು ಬಂದೂಕನ್ನೂ ನೋಂದಾಯಿಸಬೇಕು, ಪರವಾನಗಿ ಇರಬೇಕು ಎಂದೂ ಅವರು ಬಯಸಿದ್ದರು, ಶಾಸನಸಭೆ ಒಪ್ಪಲಿಲ್ಲ.

ರೊನಾಲ್ಡ್ ರೇಗನ್ನರೂ ಅದೇ ಅಸೋಸಿಯೇಷನ್ನಿನ ಸದಸ್ಯರು. 1981ರ ಮಾರ್ಚ್ 30ರಂದು ಅವರಿಗೆ ಗುಂಡು ತಗುಲಿತು. ಜೊತೆಯಲ್ಲಿದ್ದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ತಲೆಗೆ ಪೆಟ್ಟಾಗಿ ಅವರು ಬಾಳಿನುದ್ದಕ್ಕೂ ಅಂಗವಿಕಲರಾದರು. ಪಿಸ್ತೂಲು ಕೊಳ್ಳುವವನ ಪೂರ್ವಾಪರವನ್ನು ವಿಚಾರಿಸಬೇಕೆಂಬ ‘ಬ್ರೇಡಿ ಮಸೂದೆ’ಯನ್ನು ಬೆಂಬಲಿಸಿ ರೇಗನ್ನರು 1991ರಲ್ಲಿ ಲೇಖನ ಬರೆದರು, 1993ರಲ್ಲಿ ಅದು ಕಾಯಿದೆಯಾಯಿತು.

ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದವರು ಇಬ್ಬರು ಮಹಿಳೆಯರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಡಯಾನ್ ಫೈನ್‌ಸ್ಟೈನ್ 1976ರಲ್ಲಿ ತಮ್ಮ ಮನೆಗೆ ಬಾಂಬಿಟ್ಟ ಮೇಲೆ ಪರವಾನಗಿ ಪಡೆದು ಪಿಸ್ತೂಲು ಇಟ್ಟುಕೊಂಡರು. 1978ರ ನವೆಂಬರ್ 27ರಂದು ನಗರಸಭೆಯ ಕಟ್ಟಡದಲ್ಲೇ ಮೇಯರ್ ಮಾಸ್ಕೋನಿ ಮತ್ತು ಸದಸ್ಯ ಹಾರ್ವಿ ಮಿಲ್ಕ್ ಕೊಲೆಯಾದರು. ಮಿಲ್ಕರ ದೇಹವನ್ನು ಮೊದಲು ಕಂಡವರಲ್ಲಿ ಫೈನ್‌ಸ್ಟೈನ್ ಒಬ್ಬರು. ಮುಂದೆ ಅವರು ತಮ್ಮ ಪಿಸ್ತೂಲನ್ನು ಒಪ್ಪಿಸಿಬಿಟ್ಟರು. ಬೇರೆ ಆಯುಧಗಳೊಡನೆ ಅದನ್ನು ಕರಗಿಸಿ ಶಿಲುಬೆ ಮಾಡಲಾಯಿತು. 1994ರಲ್ಲಿ ಯುದ್ಧಮಾದರಿಯ ಬಂದೂಕುಗಳ ಮಾರಾಟಕ್ಕೆ ತಡೆ ತಂದವರು ಸೆನೆಟರ್ ಆಗಿದ್ದ ಈ ಮಹಿಳೆಯೇ. ಇನ್ನೊಬ್ಬರು ಅರಿಜೋನದ ಗ್ಯಾಬ್ರಿಯೆಲ್ ಗಿಫರ್ಡ್ಸ್. ಅವರಲ್ಲೂ ಪಿಸ್ತೂಲಿತ್ತು. 2011ರ ಜನವರಿ 8ರಂದು ಟೂಸಾನಿನಲ್ಲಿ ಜನರೊಡನೆ ಮಾತನಾಡುತ್ತಿದ್ದಾಗ ಅವರ ತಲೆಗೆ ಗುಂಡು ಬಿತ್ತು. ಆರು ಮಂದಿ ಸತ್ತರು. ಮಾತು ಕಷ್ಟವಾದ ಆ ಮಹಿಳೆ ಬಂದೂಕಿನ ಹಕ್ಕನ್ನು ತಿರಸ್ಕರಿಸದೆ, ಬಿಗಿಯಾದ ಕಾನೂನಿಗಾಗಿ 2013ರಲ್ಲಿ ಸಂಸ್ಥೆ ಕಟ್ಟಿದರು.

ಬಂದೂಕುಳ್ಳ ಎಲ್ಲ ನಾಯಕರೂ ಹೀಗೆಯೇ ಎಂದರೆ ಅದೂ ಸುಳ್ಳಾದೀತು. ಇಂಥ ಕಾನೂನುಗಳನ್ನು ಬಲವಾಗಿ ವಿರೋಧಿಸಿದವರು ಅನೇಕರಿದ್ದಾರೆ; 1994ರ ತಡೆ 2004ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. ಆದರೂ ನಾನು ಗೆದ್ದ ವಾದ ತಪ್ಪೆಂದು ಒಪ್ಪಲೇಬೇಕು. ಆಯುಧ ಇಟ್ಟುಕೊಂಡವನು ಕಡಿವಾಣ ಹಾಕಬಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಮೇಲಿನ ಪ್ರತಿಯೊಂದು ಕಾಯಿದೆಯ ಹಿಂದೆಯೂ ಮೊದಲು ರಕ್ತ ಚೆಲ್ಲಿದೆ. ನೆರೆಮನೆಯ ನೋವನ್ನು ಕಂಡೇ ಎಚ್ಚರಗೊಳ್ಳುವ ವಿವೇಕ ಮನುಷ್ಯನಿಗೆ ಇಷ್ಟು ದುರ್ಲಭವೇ?

ಬಹುಮಾನದ ಬಟ್ಟಲು ಇನ್ನೂ ನನ್ನ ಮೇಜಿನ ಮೇಲಿದೆ. ಅದನ್ನು ಹಿಂದಿರುಗಿಸುವೆನೆಂದಾಗ ಉಪನ್ಯಾಸಕರು, “ಇರಲಿ ಬಿಡು, ಓದುವುದನ್ನು ನೆನಪಿಸುತ್ತಿರುತ್ತದೆ” ಎಂದರು. ಲೇಖನದಲ್ಲಿ ಲೋಪವಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.