ಬೈ ಸೊನ್ನೆ: ಕಿರ್ಮಾನಿಯ ಲೆಕ್ಕ ಓದೋದು ಹೇಗೆ?

ಮೋಟೆಬೆನ್ನೂರಿನ ಕಡೆ ಟೆನಿಸ್ ಬಾಲ್ ಮ್ಯಾಚು ನಡೆದ್ರ ಓಪನಿಂಗ್ ಯಾರು ಅಂತ ಜಗಳ ಆಗ್ತದ. ಕೀಪಿಂಗಿಗೆ ಮಾತ್ರ ಯಾರೂ ಜಗಳ ಆಡೋದಿಲ್ಲ. ಕಾರಣ ಸರಳ: ಕೀಪರ್ ಉಳಿಸಿದ ರನ್ ಸ್ಕೋರ್‌ಬುಕ್ಕಿನಲ್ಲಿ ಬರುವುದಿಲ್ಲ, ಬಿಟ್ಟದ್ದು ಮಾತ್ರ ಬರುತ್ತದೆ. ಹಾಗಾದರೆ ಇಂಥ ಆಟಗಾರನ ಬೆಲೆ ಅಳೆಯುವುದು ಹೇಗೆ? ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ ಅವರ ಆಟವನ್ನೇ ಉದಾಹರಣೆಯಾಗಿ ನೋಡೋಣ.

ಮೊದಲು ಕೆಲಸ ಎಷ್ಟು ಕಷ್ಟ ಅಂತ ಲೆಕ್ಕ ಹಾಕೋಣ. ಚಂದ್ರಶೇಖರ್ ವೇಗದ ಲೆಗ್ ಸ್ಪಿನ್ನರ್. ಅಂಥವರ ಚೆಂಡು ನೆಲಕ್ಕೆ ಬಿದ್ದ ಮೇಲೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತದೆ, ಕೀಪರ್ 4 ಮೀಟರ್ ದೂರದಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಸಿಗುವ ಸಮಯ 0.2 ಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು ಮನುಷ್ಯನಿಗೆ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಅಂದ್ರೆ ತಿರುವು ನೋಡಿ ಹೋದರೆ ತಡವಾಯಿತು. ಬೌಲರ್ ಕೈಯಲ್ಲೇ ಚೆಂಡನ್ನು ಓದಬೇಕು.

ಕಿರ್ಮಾನಿ 1971ರಲ್ಲೇ ಇಂಗ್ಲೆಂಡ್ ಪ್ರವಾಸಕ್ಕೆ ಹೋದರೂ, ಫಾರೂಕ್ ಇಂಜಿನಿಯರ್ ಇದ್ದ ಕಾರಣ ಮೊದಲ ಟೆಸ್ಟಿಗೆ 1976ರವರೆಗೆ ಕಾಯಬೇಕಾಯಿತು. ಎರಡನೇ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದೇ ಇನಿಂಗ್ಸಿನಲ್ಲಿ 6 ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಆದರೂ 1979ರ ಇಂಗ್ಲೆಂಡ್ ಪ್ರವಾಸಕ್ಕೆ ತಂಡದಿಂದ ಬಿಟ್ಟರು. ಅದೇ ವರ್ಷ ಮರಳಿ ಬಂದು, ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನೈಟ್ ವಾಚ್‌ಮನ್ ಆಗಿ ಇಳಿದು ಔಟಾಗದೆ 101 ಹೊಡೆದರು.

ಅವರ ನಿಜವಾದ ಶತಕ ಮಾತ್ರ ಬೇರೆ ಕಡೆ ಇದೆ. 1981–82ರಲ್ಲಿ ಸತತ ಮೂರು ಟೆಸ್ಟುಗಳಲ್ಲಿ ಇಂಗ್ಲೆಂಡ್ 1,964 ರನ್ ಮಾಡಿತು. ಬೈ ಒಂದೂ ಇಲ್ಲ! ಸ್ಕೋರ್‌ಬುಕ್ಕಿನಲ್ಲಿ ಕಾಣೋದು ಬರೀ ಸೊನ್ನೆ. ಆ ಸೊನ್ನೆಯ ಹಿಂದೆ ಸಾವಿರಾರು ಸಲ ಕುಳಿತು ಎದ್ದ ಮಂಡಿಗಳಿವೆ.

1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ಹೊಡೆದ 175 ಎಲ್ಲರಿಗೂ ನೆನಪು. ಆ ಕಡೆ ತುದಿಯಲ್ಲಿ 24 ರನ್ನಿನೊಂದಿಗೆ ಔಟಾಗದೆ ನಿಂತವರು ಇದೇ ಕಿರ್ಮಾನಿ. ಮುರಿಯದ ಆ ಜೊತೆಯಾಟ 126 ರನ್ನಿನದು. ಆ ಟೂರ್ನಿಯ ಶ್ರೇಷ್ಠ ಕೀಪರ್ ಪ್ರಶಸ್ತಿಯೂ ಅವರದೇ. 88 ಟೆಸ್ಟು, 160 ಕ್ಯಾಚು, 38 ಸ್ಟಂಪಿಂಗ್: ಇದು ಒಟ್ಟು ಲೆಕ್ಕ.

ಬೇಸ್‌ಬಾಲಿನಲ್ಲೂ ಇದೇ ಕಥೆ. ಎರಡನೇ, ಮೂರನೇ ಬೇಸ್‌ಗಳ ನಡುವೆ ಚೆಂಡು ತಡೆಯುವ ಆಟಗಾರನಿಗೆ ಶಾರ್ಟ್‌ಸ್ಟಾಪ್ ಅಂತಾರೆ. ಅಮೆರಿಕದ ಓಝಿ ಸ್ಮಿತ್ 19 ಸೀಸನ್ನಿನಲ್ಲಿ ಹೊಡೆದದ್ದು 28 ಹೋಮ್ ರನ್ ಮಾತ್ರ. ಆದರೆ ಫೀಲ್ಡಿಂಗಿಗೆ 13 ಗೋಲ್ಡ್ ಗ್ಲೋವ್ ಗೆದ್ದರು, 2002ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಸೇತುವೆ ಬೀಳದಿದ್ದರೆ ಸುದ್ದಿಯಾಗೋದಿಲ್ಲ. ಸರ್ವರ್ ನಿಲ್ಲದಿದ್ದರೆ ಯಾರೂ ಫೋನ್ ಮಾಡೋದಿಲ್ಲ. ನಾಳೆ ನಮ್ಮಲ್ಲಿ ಬಹಳ ಮಂದಿ ಮಾಡೋದು ಇಂಥದೇ ಕೆಲಸ. ಹಾಗಾಗಿ ಯಾವುದೇ ಲೆಕ್ಕದಲ್ಲಿ ಸೊನ್ನೆ ಕಂಡರೆ ಕೇಳೋಣ: ಇಲ್ಲಿ ಏನೂ ನಡೆದಿಲ್ಲವೋ, ಇಲ್ಲಾ ಯಾರೋ ನಡೆಯದಂತೆ ತಡೆದರೋ?